ಹವಳದ ದಿಬ್ಬಕ್ಕೆ ಇಳಿಯುವ ರೋಬಾಟಿಗೆ ಕೈ ಯಾಕೆ ಬೇಕು?

2025ರ ಏಪ್ರಿಲ್‌ನಲ್ಲಿ ಬೀಜಿಂಗ್‌ನಲ್ಲಿ ಮನುಷ್ಯಾಕಾರದ 21 ರೋಬಾಟ್‌ಗಳು ಮನುಷ್ಯರ ಪಕ್ಕದಲ್ಲೇ ಹಾಫ್ ಮ್ಯಾರಥಾನ್ ಓಡಲು ಇಳಿದವು. ಅವುಗಳಲ್ಲಿ ಮೊದಲು ಗುರಿ ಮುಟ್ಟಿದ ರೋಬಾಟಿಗೆ 2 ಗಂಟೆ 40 ನಿಮಿಷ ಹಿಡಿಯಿತು. ಆ ವಿಡಿಯೊ ನೋಡದವರು ಕಡಿಮೆ. ಅದೇ ತಿಂಗಳು ಇನ್ನೊಂದು ಸುದ್ದಿ ಬಂತು, ಅದನ್ನು ಗಮನಿಸಿದವರು ಕಡಿಮೆ: 2023ರ ಜನವರಿಯಿಂದೀಚೆಗೆ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇ 84ರಷ್ಟು ಭಾಗ ಹವಳ ಬಿಳಿಚಿಕೊಳ್ಳುವಷ್ಟು ಬಿಸಿಗೆ ಸಿಕ್ಕಿದೆ.

ಒಂದಕ್ಕೊಂದು ಸಂಬಂಧವೇ ಇಲ್ಲದ ಸುದ್ದಿಗಳಂತೆ ಕಾಣುತ್ತವೆ. ಆದರೆ ಎರಡೂ ಒಂದೇ ಯಂತ್ರದಲ್ಲಿ ಕೂಡುತ್ತವೆ. ಕೆಂಪು ಸಮುದ್ರದ ಆಳದ ಹವಳವನ್ನು ಅಧ್ಯಯನ ಮಾಡಬೇಕು ಎಂಬ ಬೇಡಿಕೆಯಿಂದಲೇ ಹುಟ್ಟಿದ ಮನುಷ್ಯಾಕಾರದ ರೋಬಾಟ್ ಒಂದಿದೆ. ಹೆಸರು ಓಷನ್‌ಒನ್. ಅದಕ್ಕೆ ತಲೆ ಇದೆ, ಎರಡು ಕಣ್ಣಿವೆ, ಎರಡು ಕೈ ಇವೆ. ಕಾಲಿಲ್ಲ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಮೊದಲು ಹವಳ ಏನೆಂದು ತಿಳಿಯಬೇಕು.

ಹವಳ ಎಂಬ ಪ್ರಾಣಿ

ನಮ್ಮಲ್ಲಿ ಹವಳ ಅಂದ ಕೂಡಲೇ ನೆನಪಾಗುವುದು ಕೊರಳಿನ ಸರ, ತಾಳಿಯ ಜೊತೆ ಪೋಣಿಸಿದ ಕೆಂಪು ಮಣಿ. ಆಭರಣದ ಆ ಕೆಂಪು ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ. ಅದು ದಿಬ್ಬ ಕಟ್ಟುವ ಜಾತಿಯಲ್ಲ. ದಿಬ್ಬ ಕಟ್ಟುವುದು ಬೇರೆ ಗುಂಪು, ಅದಕ್ಕೆ ಗಟ್ಟಿ ಹವಳ ಎನ್ನುತ್ತಾರೆ. ಈ ಲೇಖನದಲ್ಲಿ ಹವಳ ಅಂದರೆ ಅದೇ.

ನೋಡಲು ಕಲ್ಲಿನಂತೆ, ಕೆಲವೊಮ್ಮೆ ಗಿಡದಂತೆ ಇದ್ದರೂ ಹವಳ ಒಂದು ಪ್ರಾಣಿ. ಸರಿಯಾಗಿ ಹೇಳಬೇಕೆಂದರೆ ಸಾವಿರಾರು ಪುಟ್ಟ ಪ್ರಾಣಿಗಳ ಗುಂಪು. ಒಂದೊಂದು ಪ್ರಾಣಿಗೂ ಪಾಲಿಪ್ ಎಂದು ಹೆಸರು. ಹೆಚ್ಚಿನವು ಕೆಲವೇ ಮಿಲಿಮೀಟರ್ ಅಗಲದ ಮೆತ್ತನೆಯ ಚೀಲಗಳು. ಮೇಲ್ಗಡೆ ಒಂದು ಬಾಯಿ, ಅದರ ಸುತ್ತ ಎಳೆ ಎಳೆಯಾದ ಕುಡಿಗಳು. ತಿನ್ನುವುದೂ ಹೊರಹಾಕುವುದೂ ಅದೊಂದೇ ಬಾಯಿಯಿಂದ. ನಮ್ಮ ಕರಾವಳಿಯಲ್ಲಿ ಬಲೆಗೆ ಸಿಕ್ಕು ಮೈ ತುರಿಸುವ ಲೋಳೆಮೀನು ಇದರ ಹತ್ತಿರದ ನೆಂಟ.

ಪಾಲಿಪ್ ತನ್ನ ಬುಡದಲ್ಲಿ ಸುಣ್ಣದ ಒಂದು ಬಟ್ಟಲು ಕಟ್ಟಿಕೊಂಡು ಅದರಲ್ಲಿ ಕೂರುತ್ತದೆ. ಸಮುದ್ರದ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟೇ ಅದಕ್ಕೆ ಸಾಮಗ್ರಿ. ತಳಕ್ಕೆ ಹೊಸ ಪದರ ಹಾಕಿ ಅದರ ಮೇಲೆ ಏರಿ ಕೂರುತ್ತದೆ, ಮತ್ತೆ ಪದರ ಹಾಕುತ್ತದೆ. ಬಂಡೆಯಂತೆ ಉಂಡೆಯಾಗಿ ಬೆಳೆಯುವ ಹವಳ ವರ್ಷಕ್ಕೆ ಅರ್ಧದಿಂದ 2 ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕೊಂಬೆ ಕೊಂಬೆಯಾಗಿ ಬೆಳೆಯುವುದು ಒಳ್ಳೆಯ ಜಾಗದಲ್ಲಿ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೂ ಹೋಗಬಹುದು. ದಿಬ್ಬದಲ್ಲಿ ಜೀವಂತ ಇರುವುದು ಮೇಲಿನ ತೆಳು ಪೊರೆ ಮಾತ್ರ. ಕೆಳಗಿರುವುದೆಲ್ಲ ಹಿಂದಿನ ತಲೆಮಾರುಗಳು ಬಿಟ್ಟುಹೋದ ಸುಣ್ಣ.

ಆ ತೆಳು ಪೊರೆಯೊಳಗೆ ಇನ್ನೊಂದು ಜೀವ ಬಿಡಾರ ಹೂಡಿದೆ: ಒಂದೇ ಕೋಶದ ಪಾಚಿ. ಒಂದು ಚದರ ಸೆಂಟಿಮೀಟರ್ ಹವಳದಲ್ಲಿ ಅಂಥ ಹತ್ತು ಲಕ್ಷ ಕೋಶಗಳಿರುತ್ತವೆ. ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸಿ ಅದರ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಹವಳದ ಶಕ್ತಿಯಲ್ಲಿ ಶೇ 90ರವರೆಗೂ ಬರುವುದು ಈ ಬಾಡಿಗೆಯಿಂದಲೇ. ಬದಲಿಗೆ ಪಾಚಿಗೆ ಇರಲು ಸುರಕ್ಷಿತ ಜಾಗ ಸಿಗುತ್ತದೆ, ಹವಳದ ಮೈಯಿಂದ ಬರುವ ಇಂಗಾಲದ ಡೈಆಕ್ಸೈಡ್ ಮತ್ತು ಸಾರಜನಕದ ತ್ಯಾಜ್ಯ ಗೊಬ್ಬರವಾಗುತ್ತದೆ. ಹವಳದ ಕಂದು, ಹಸಿರು ಬಣ್ಣಗಳು ಮುಖ್ಯವಾಗಿ ಈ ಪಾಚಿಯವೇ.

ಒಬ್ಬ ಬಾಡಿಗೆದಾರ ಹೋದರೆ ವಠಾರವೇ ಕುಸಿಯುತ್ತದೆ

ಸಮುದ್ರತಳದಲ್ಲಿ ಹವಳದ ದಿಬ್ಬಗಳಿರುವುದು ಶೇ 1ಕ್ಕಿಂತ ಕಡಿಮೆ ಜಾಗದಲ್ಲಿ. ಆದರೆ ಕಡಲಿನ ಜೀವಜಾತಿಗಳಲ್ಲಿ ಸುಮಾರು ಕಾಲು ಭಾಗ ಬದುಕಿನ ಯಾವುದೋ ಒಂದು ಹಂತದಲ್ಲಿ ಇಲ್ಲಿಗೆ ಬರುತ್ತವೆ. ಸಂದುಗೊಂದುಗಳೇ ಇದಕ್ಕೆ ಕಾರಣ. ಮರಿ ಮೀನಿಗೆ ಅಡಗಲು ಒಂದು ಬಿಲ, ಏಡಿಗೆ ಒಂದು ಮೂಲೆ, ಹೊಂಚು ಹಾಕುವ ಹಾವುಮೀನಿಗೆ ಒಂದು ಗುಹೆ. ಹಳೆಯ ವಠಾರಗಳಂತೆ ಒಬ್ಬರ ಗೋಡೆಯೇ ಇನ್ನೊಬ್ಬರ ಗೋಡೆ.

ಇಲ್ಲಿ ಯಾರು ಎಷ್ಟು ಮುಖ್ಯ ಎಂಬುದು ಒಬ್ಬರು ಇಲ್ಲವಾದಾಗಲೇ ತಿಳಿಯುವುದು. ಜಮೈಕಾದ ಕಥೆ ಇದಕ್ಕೆ ಸ್ಪಷ್ಟ ಉದಾಹರಣೆ. ಅಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದರು. ಆ ಕೆಲಸವನ್ನು ಉದ್ದ ಕಪ್ಪು ಮುಳ್ಳಿನ ಚೆಂಡಿನಂಥ ಸೀ ಅರ್ಚಿನ್ ಮಾಡುತ್ತಿತ್ತು. 1980ರಲ್ಲಿ ಚಂಡಮಾರುತವೊಂದು ಹವಳ ಮುರಿದುಹಾಕಿತು. ದಿಬ್ಬ ಚೇತರಿಸಿಕೊಳ್ಳುವ ಹೊತ್ತಿಗೆ, 1983ರಲ್ಲಿ, ಕೆರಿಬಿಯನ್ ಕಡಲಿನ ಉದ್ದಗಲಕ್ಕೂ ರೋಗ ಹಬ್ಬಿ ಸೀ ಅರ್ಚಿನ್‌ಗಳಲ್ಲಿ ಬಹುಪಾಲು ಸತ್ತವು. ಮೇಯುವವರೇ ಇಲ್ಲದೆ ಉದ್ದನೆಯ ಕಡಲಪಾಚಿ ಎಲ್ಲವನ್ನೂ ಮುಚ್ಚಿತು. ಪಾಚಿ ಮುಚ್ಚಿದ ಕಲ್ಲಿನ ಮೇಲೆ ಹವಳದ ಮರಿ ನೆಲೆಯೂರಲಾರದು. 1977ರಲ್ಲಿ ಜಮೈಕಾದ ದಿಬ್ಬಗಳ ಶೇ 50ರಷ್ಟು ಭಾಗದ ಮೇಲಿದ್ದ ಜೀವಂತ ಹವಳ 1990ರ ದಶಕದ ಆರಂಭಕ್ಕೆ ಶೇ 5ಕ್ಕಿಂತ ಕೆಳಗಿಳಿಯಿತು. (ಹವಳದೊಳಗಿನ ಒಂದು ಕೋಶದ ಪಾಚಿ ಬೇರೆ, ಕಲ್ಲಿನ ಮೇಲೆ ಹರಡುವ ಈ ಕಡಲಪಾಚಿ ಬೇರೆ. ಮೊದಲನೆಯದು ನೆಂಟ, ಎರಡನೆಯದು ಪೈಪೋಟಿಗಾರ.)

ದಂಡೆಯ ಜನರಿಗೆ ದಿಬ್ಬದಿಂದ ಇನ್ನೊಂದು ಉಪಕಾರವಿದೆ. ಸರಾಸರಿ ಲೆಕ್ಕದಲ್ಲಿ ಅಲೆಯ ಬಲದ ಶೇ 97ರಷ್ಟನ್ನು ದಿಬ್ಬ ಹೀರಿಕೊಳ್ಳುತ್ತದೆ. ಲಕ್ಷದ್ವೀಪದಲ್ಲಂತೂ ಕಾಲ ಕೆಳಗಿನ ನೆಲವೇ ಹವಳದ ಪುಡಿ.

ಬಿಳಿಚುವುದು ಎಂದರೇನು, ಎಷ್ಟು ಬಿಸಿಗೆ?

ನೀರು ಅತಿಯಾಗಿ ಬಿಸಿಯಾದಾಗ ಪಾಚಿಯೊಳಗಿನ ಸಕ್ಕರೆ ತಯಾರಿಸುವ ಯಂತ್ರಾಂಗ ಕೆಡುತ್ತದೆ. ಸಕ್ಕರೆಯ ಬದಲು ಜೀವಕೋಶಕ್ಕೆ ವಿಷವಾಗುವ ಆಮ್ಲಜನಕದ ರೂಪಗಳು ಸುರಿಯತೊಡಗುತ್ತವೆ. ಪಾಲಿಪ್ ಪಾಚಿಯನ್ನು ಹೊರಹಾಕುತ್ತದೆ. ಪಾಲಿಪ್‌ನ ಮೈ ಪಾರದರ್ಶಕ. ಹಾಗಾಗಿ ಅದರ ಮೂಲಕ ಬಿಳಿ ಸುಣ್ಣ ಕಾಣುತ್ತದೆ. ಇದೇ ಬಿಳಿಚುವುದು.

ಬಿಳಿಚಿದ ಹವಳ ಸತ್ತಿಲ್ಲ, ಉಪವಾಸ ಬಿದ್ದಿದೆ. ಕೆಲವೇ ವಾರಗಳಲ್ಲಿ ನೀರು ತಣ್ಣಗಾದರೆ ಪಾಚಿ ಮರಳಿ ಬರಬಹುದು. ಬಿಸಿ ಇಳಿಯದಿದ್ದರೆ ಹವಳ ಸಾಯುತ್ತದೆ.

ಎಷ್ಟು ಬಿಸಿ ಎಂಬುದಕ್ಕೆ ಒಂದು ಸರಳ ಲೆಕ್ಕವಿದೆ. ಆಯಾ ಜಾಗದಲ್ಲಿ ವರ್ಷದ ಅತಿ ಬಿಸಿ ತಿಂಗಳಿನ ಮಾಮೂಲಿ ಸರಾಸರಿ ತಾಪವನ್ನು ಮೊದಲು ಗುರುತಿಸುತ್ತಾರೆ. ಅದಕ್ಕಿಂತ 1 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಏರಿದರೆ ಎಷ್ಟು ಡಿಗ್ರಿ, ಎಷ್ಟು ವಾರ ಎಂದು ಹಿಂದಿನ 12 ವಾರಗಳದ್ದನ್ನು ಗುಣಿಸಿ ಕೂಡುತ್ತಾರೆ. 1 ಡಿಗ್ರಿ 4 ವಾರ ಇದ್ದರೂ 4, 2 ಡಿಗ್ರಿ 2 ವಾರ ಇದ್ದರೂ 4. ಮೊತ್ತ 4 ಮುಟ್ಟಿದರೆ ಕಣ್ಣಿಗೆ ಕಾಣುವಷ್ಟು ಬಿಳಿಚುವುದು ಶುರು. 8 ಮುಟ್ಟಿದರೆ ಹವಳ ಸಾಯತೊಡಗುತ್ತದೆ. ಉಪಗ್ರಹದಿಂದ ಈ ಲೆಕ್ಕ ಇಡುವ ಅಮೆರಿಕದ ಸಂಸ್ಥೆ ನೋವಾ ಹಿಂದೆ ಎರಡೇ ಎಚ್ಚರಿಕೆಯ ಹಂತ ಇಟ್ಟುಕೊಂಡಿತ್ತು. 2023ರ ಬಿಸಿ ಆ ಅಳತೆಪಟ್ಟಿಯನ್ನೇ ಮೀರಿದ್ದರಿಂದ ಇನ್ನೂ ಮೂರು ಹಂತ ಸೇರಿಸಬೇಕಾಯಿತು. ಐದನೆಯದು 20 ದಾಟಿದಾಗ. ಅಲ್ಲಿ ಹವಳದಲ್ಲಿ ಶೇ 80ಕ್ಕಿಂತ ಹೆಚ್ಚು ಸಾಯುವ ಅಪಾಯವಿದೆ ಎಂದು ಅರ್ಥ.

ಜಗತ್ತಿನಾದ್ಯಂತ ಒಮ್ಮೆಗೇ ಬಿಳಿಚಿದ್ದು 1998ರಲ್ಲಿ ಮೊದಲು, ಆಮೇಲೆ 2010ರಲ್ಲಿ, ಮತ್ತೆ 2014ರಿಂದ 2017ರವರೆಗೆ. 2023ರಲ್ಲಿ ಶುರುವಾದದ್ದು ನಾಲ್ಕನೆಯದು.

ಆಳದ ದಿಬ್ಬ ಮತ್ತು ಸೋಡಾ ಬಾಟಲಿ

ಉಪಗ್ರಹ ನೋಡುವುದು ನೀರಿನ ಮೇಲ್ಮೈ ತಾಪವನ್ನು ಮಾತ್ರ. ಹವಳದ ಕತೆ ಮೇಲ್ಮೈಗೆ ಮುಗಿಯುವುದಿಲ್ಲ. 30ರಿಂದ 150 ಮೀಟರ್ ಆಳದವರೆಗೂ ಮಂದ ಬೆಳಕಿನಲ್ಲಿ ಬದುಕುವ ದಿಬ್ಬಗಳಿವೆ. ಮೇಲಿನ ಹವಳ ಬಿಸಿಗೆ ಸತ್ತಾಗ ಆಳದ ಹವಳ ಉಳಿದು, ಅದರ ಮರಿಗಳು ಮೇಲೆ ಬಂದು ನೆಲೆಸಬಹುದೇ? ಹಾಗೆ ಆಗಬೇಕಾದರೆ ಎರಡೂ ಕಡೆ ಒಂದೇ ಜಾತಿ ಇರಬೇಕು, ಬಿಸಿ ಆಳಕ್ಕೆ ಇಳಿಯದಿರಬೇಕು. ಇದು ಜಾಗದಿಂದ ಜಾಗಕ್ಕೆ ಬೇರೆ. ಕೆಳಗಿಳಿದು ನೋಡದೆ, ತುಣುಕು ತಂದು ಪರೀಕ್ಷಿಸದೆ ಹೇಳುವಂತಿಲ್ಲ.

ಅಲ್ಲಿಗೆ ಇಳಿಯುವುದೇ ಕಷ್ಟ. ನೀರಿನಲ್ಲಿ 10 ಮೀಟರ್ ಇಳಿದಾಗಲೆಲ್ಲ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. 30 ಮೀಟರಿನಲ್ಲಿ ನಾಲ್ಕು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ರಕ್ತದಲ್ಲೂ ಕೊಬ್ಬಿನಲ್ಲೂ ಕರಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ಫಟ್ಟನೆ ತೆಗೆದರೆ ಗುಳ್ಳೆ ಉಕ್ಕುವಂತೆ, ಡೈವರ್ ಅವಸರದಲ್ಲಿ ಮೇಲೆ ಬಂದರೆ ಮೈಯೊಳಗೇ ಗುಳ್ಳೆ ಏಳುತ್ತವೆ. ಕೀಲು ನೋವಿನಿಂದ ಹಿಡಿದು ಪಾರ್ಶ್ವವಾಯು, ಸಾವಿನವರೆಗೂ ಹೋಗಬಹುದು. ಅದಕ್ಕಾಗಿ 30 ಮೀಟರಿನಲ್ಲಿ, ಮಧ್ಯೆ ನಿಲ್ಲದೆ ಮೇಲೆ ಬರಬೇಕೆಂದರೆ, ಸಿಗುವುದು ಸುಮಾರು 20 ನಿಮಿಷ. ಹವ್ಯಾಸಿ ಡೈವರ್‌ಗಳ ಮಿತಿ 40 ಮೀಟರ್. 100 ಮೀಟರಿಗೆ ಹೋಗುವವರು ಹೀಲಿಯಂ ಬೆರೆಸಿದ ಅನಿಲ ಉಸಿರಾಡಬೇಕು. ತಳದಲ್ಲಿ ಕೆಲವೇ ನಿಮಿಷ ಇದ್ದು ಬರುವುದಕ್ಕೆ ಗಂಟೆಗಟ್ಟಲೆ ಹಂತ ಹಂತವಾಗಿ ನಿಂತು ನಿಂತು ಏರಬೇಕು.

ಹವಳದ ಅಧ್ಯಯನವೋ ನಿಮಿಷಗಳಲ್ಲಿ ಮುಗಿಯುವ ಕೆಲಸವಲ್ಲ. 50 ಮೀಟರಿನ ಅಳತೆ ಟೇಪನ್ನು ದಿಬ್ಬದ ಮೇಲೆ ಹಾಸಬೇಕು. ಚೌಕಟ್ಟು ಇಟ್ಟು ಒಂದೊಂದೇ ಫೋಟೊ ತೆಗೆಯಬೇಕು. ಹೆಬ್ಬೆರಳಿನಷ್ಟು ದೊಡ್ಡ ತಾಪಮಾಪಕವನ್ನು ಗೂಟಕ್ಕೆ ಕಟ್ಟಿ, ತಿಂಗಳುಗಳ ನಂತರ ಅದೇ ಗೂಟ ಹುಡುಕಿ ಬಿಚ್ಚಬೇಕು. ಮಾದರಿಗಾಗಿ ಕೊಂಬೆಯ ತುದಿಯಿಂದ ಒಂದೆರಡು ಸೆಂಟಿಮೀಟರ್ ಕತ್ತರಿಸಿ ಒಂದೊಂದನ್ನೂ ಬೇರೆ ಬೇರೆ ಚೀಲಕ್ಕೆ ಹಾಕಬೇಕು. ಕತ್ತರಿಸುವಾಗ ಒಂದು ಕೈ ಕೊಂಬೆ ಹಿಡಿದಿರಬೇಕು, ಇಲ್ಲವಾದರೆ ಬುಡವೇ ಮುರಿಯುತ್ತದೆ. ಎರಡು ಕೈಯ ಕೆಲಸ ಇದು, ಹಿಡಿತ ಹದವಾಗಿರಬೇಕಾದ ಕೆಲಸ.

ಇರುವ ಯಂತ್ರಗಳಿಗೆ ಏನು ಕೊರತೆ?

ಕೇಬಲ್ ಕಟ್ಟಿ ಇಳಿಸುವ ರೋಬಾಟ್ ವಾಹನಗಳು ದಶಕಗಳಿಂದ ಇವೆ. ತೈಲಬಾವಿ, ಕೊಳವೆ ಮಾರ್ಗಗಳ ಕೆಲಸಕ್ಕೆ ಬೆಳೆದು ಬಂದ ಯಂತ್ರಗಳು ಅವು. ಕಬ್ಬಿಣದ ವಾಲ್ವ್ ತಿರುಗಿಸಲು ಬೇಕಾದ ಬಲ ಅವುಗಳ ಇಕ್ಕಳದಲ್ಲಿದೆ. ಆದರೆ ಮೇಲೆ ಹಡಗಿನಲ್ಲಿ ಕೂತು ನಡೆಸುವವನಿಗೆ ಪರದೆ ಕಾಣುತ್ತದೆಯೇ ಹೊರತು ಇಕ್ಕಳ ಎಷ್ಟು ಬಿಗಿಯಿತು ಎಂಬುದು ಕೈಗೆ ಗೊತ್ತಾಗುವುದಿಲ್ಲ. ಹಪ್ಪಳವನ್ನು ದಪ್ಪ ಕೈಗವಸು ಹಾಕಿ, ಟಿವಿಯಲ್ಲಿ ನೋಡುತ್ತ ಎತ್ತಿದಂತೆ.

ಇದಕ್ಕೆ ಒಂದು ಉತ್ತರ ಬೆರಳನ್ನೇ ಮೆದು ಮಾಡುವುದು. ಹಾರ್ವರ್ಡ್‌ನ ರಾಬರ್ಟ್ ವುಡ್ ಮತ್ತು ಸಮುದ್ರ ಜೀವವಿಜ್ಞಾನಿ ಡೇವಿಡ್ ಗ್ರೂಬರ್ ಅವರ ತಂಡ ನೀರು ತುಂಬಿದರೆ ಬಾಗುವ ರಬ್ಬರಿನಂಥ ಬೆರಳುಗಳನ್ನು ಕೆಂಪು ಸಮುದ್ರದ ಆಳದ ದಿಬ್ಬಗಳಲ್ಲಿ ಪರೀಕ್ಷಿಸಿತು. ಹವಳ ಮುರಿಯದೆ ಹಿಡಿಯಲು ಸಾಧ್ಯವೆಂದು ಅವು ತೋರಿಸಿದವು.

ಕೆಲಸ ಒಂದೇ ಆಗಿದ್ದರೆ ಮನುಷ್ಯಾಕಾರವೂ ಬೇಡ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯ 2015ರಲ್ಲಿ ತೋರಿಸಿದ ಕಾಟ್ಸ್‌ಬಾಟ್ ನೋಡಲು ಟಾರ್ಪಿಡೊದಂತಿದೆ. ಹವಳ ತಿನ್ನುವ ಮುಳ್ಳಿನ ಕಿರೀಟದ ನಕ್ಷತ್ರಮೀನನ್ನು ಕ್ಯಾಮೆರಾದಿಂದ ಗುರುತಿಸಿ, ಅದನ್ನು ಕೊಲ್ಲುವ ಪಿತ್ತಲವಣದ ಒಂದು ಇಂಜೆಕ್ಷನ್ ಚುಚ್ಚುವುದಷ್ಟೇ ಅದರ ಕೆಲಸ. ಅದಕ್ಕೆ ಒಂದು ಸೂಜಿ ಸಾಕು. ಹತ್ತು ಬಗೆಯ ಕೆಲಸವಿದ್ದಾಗ, ಅದೂ ಮುಂದೆ ಏನು ಎದುರಾಗುತ್ತದೆಂದು ತಿಳಿಯದಿದ್ದಾಗ, ಕೈ ಬೇಕಾಗುತ್ತದೆ.

ಹ್ಯೂಮನಾಯ್ಡ್: ಕೈ ಮುಖ್ಯ, ಕಾಲು ಜಾಗ ನೋಡಿ

ಹ್ಯೂಮನಾಯ್ಡ್ ಅಂದರೆ ಮನುಷ್ಯನ ಆಕಾರದ ರೋಬಾಟ್. ಪೂರ್ಣ ಪ್ರಮಾಣದ ಮೊದಲ ಹ್ಯೂಮನಾಯ್ಡ್ ವಾಬಾಟ್-1, ಜಪಾನಿನ ವಸೇದಾ ವಿಶ್ವವಿದ್ಯಾಲಯದಲ್ಲಿ 1973ರಲ್ಲಿ ತಯಾರಾಯಿತು. 2000ದಲ್ಲಿ ಹೋಂಡಾದ ಅಸಿಮೊ ಬಂತು. ಮೊದಲ ದಶಕಗಳ ಶ್ರಮದಲ್ಲಿ ಬಹುಪಾಲು ಖರ್ಚಾದದ್ದು ಬೀಳದೆ ನಡೆಯುವುದಕ್ಕೆ. 2011ರ ಫುಕುಶಿಮಾ ಅಣು ದುರಂತದ ನಂತರ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ದುರಂತದ ಜಾಗದಲ್ಲಿ ಕೆಲಸ ಮಾಡುವ ರೋಬಾಟ್‌ಗಳಿಗೆ ಸ್ಪರ್ಧೆ ಇಟ್ಟಿತು. 2015ರ ಅಂತಿಮ ಸುತ್ತಿನಲ್ಲಿ ಬಾಗಿಲು ತೆಗೆಯುವಾಗಲೇ ಹಲವು ರೋಬಾಟ್‌ಗಳು ನೆಲಕ್ಕುರುಳಿದವು. ಗೆದ್ದದ್ದು ದಕ್ಷಿಣ ಕೊರಿಯಾದ ಹ್ಯೂಬೊ. ಅದು ನಡೆಯಬಲ್ಲದು. ಆದರೆ ನೆಲ ಸಮವಿದ್ದ ಕಡೆ ಮಂಡಿಯೂರಿ ಕೂತು ಚಕ್ರದ ಮೇಲೆ ಉರುಳುತ್ತಿತ್ತು.

ಇಸ್ರೊ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ತೋರಿಸಿದ ಬಾಹ್ಯಾಕಾಶದ ರೋಬಾಟ್ ವ್ಯೋಮಮಿತ್ರಳಿಗೆ ಕಾಲಿಲ್ಲ, ಅರ್ಧ ಹ್ಯೂಮನಾಯ್ಡ್ ಎನ್ನುವುದು ಅದಕ್ಕೇ. ತೂಕವಿಲ್ಲದ ಜಾಗದಲ್ಲಿ, ಆಸನಕ್ಕೆ ಬಿಗಿದು ಕೂರುವವಳಿಗೆ ಕಾಲಿನ ಕೆಲಸವೇ ಇಲ್ಲ. ಗುಂಡಿ ಒತ್ತುವುದಕ್ಕೆ ಕೈ ಬೇಕು. ನೀರಿನಲ್ಲೂ ಇದೇ ಮಾತು. ಹವಳದ ಮೇಲೆ ಕಾಲೂರುವುದೇ ತಪ್ಪು.

ಹಾಗಾದರೆ ಕೈ ಯಾಕೆ ಮನುಷ್ಯನ ಕೈಯಂತೆಯೇ ಇರಬೇಕು? ಈಗಲೇ ಒಂದು ಪರೀಕ್ಷೆ ಮಾಡಿ ನೋಡಿ. ಅಂಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿಯಿರಿ. ಭುಜವನ್ನೂ ಅಲ್ಲಾಡಿಸಬೇಡಿ. ಆದರೂ ಮೊಣಕೈಯನ್ನು ಮೇಲೆ ಕೆಳಗೆ ಆಡಿಸಬಹುದು. ಒಂದು ವಸ್ತುವನ್ನು ಬೇಕಾದ ಜಾಗದಲ್ಲಿ, ಬೇಕಾದ ದಿಕ್ಕಿಗೆ ಹಿಡಿಯಲು ಆರು ಬಗೆಯ ಚಲನೆ ಸಾಕು. ನಮ್ಮ ತೋಳಿನಲ್ಲಿ ಏಳಿವೆ: ಭುಜದಲ್ಲಿ ಮೂರು, ಮೊಣಕೈಯಲ್ಲಿ ಒಂದು, ಮುಂಗೈ ತಿರುಚುವುದು ಒಂದು, ಮಣಿಕಟ್ಟಿನಲ್ಲಿ ಎರಡು. ಆ ಹೆಚ್ಚಿನ ಒಂದರಿಂದಲೇ, ಬೆರಳು ಹಿಡಿದದ್ದನ್ನು ಬಿಡದೆ ಮೊಣಕೈಯನ್ನು ಪಕ್ಕದ ಕೊಂಬೆಗೆ ತಾಗದಂತೆ ಸರಿಸಿಕೊಳ್ಳಲು ಸಾಧ್ಯ. ಹವಳದ ಕೊಂಬೆಗಳ ಸಂದಿನಲ್ಲಿ ಕೈ ಹಾಕುವ ಯಂತ್ರಕ್ಕೆ ಇದಕ್ಕಿಂತ ಬೇಕಾದ ಗುಣ ಇನ್ನೊಂದಿಲ್ಲ.

ಇನ್ನೊಂದು ಕಾರಣ ನಡೆಸುವವರದು. ಎರಡು ಕಣ್ಣು, ಎರಡು ಕೈ ಇರುವ ಯಂತ್ರವನ್ನು ನಡೆಸಲು ಮನುಷ್ಯ ಹೊಸದಾಗಿ ಕಲಿಯಬೇಕಾದ್ದು ಕಡಿಮೆ. ತಾನು ಕೈ ಚಾಚಿದಂತೆ ಅದೂ ಚಾಚುತ್ತದೆ.

ಓಷನ್‌ಒನ್ ಹೇಗೆ ಕೆಲಸ ಮಾಡುತ್ತದೆ

ಇದನ್ನು ಕಟ್ಟಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉಸಾಮಾ ಖತೀಬ್ ಅವರ ತಂಡ, ಮೇಕಾ ರೋಬಾಟಿಕ್ಸ್ ಮತ್ತು ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಜೊತೆಗೂಡಿ. ಸುಮಾರು 5 ಅಡಿ ಉದ್ದ. ಮುಂದೆ ತಲೆ ಮತ್ತು ಕೈಗಳು. ಹಿಂದೆ, ಕಾಲಿರಬೇಕಾದ ಜಾಗದಲ್ಲಿ, ಬ್ಯಾಟರಿ, ಕಂಪ್ಯೂಟರ್ ಮತ್ತು ನೀರು ತಳ್ಳುವ ಎಂಟು ಥ್ರಸ್ಟರ್‌ಗಳು.

ಇದರ ಜೀವಾಳ ಸ್ಪರ್ಶ. ರೋಬಾಟಿನ ಮಣಿಕಟ್ಟಿನಲ್ಲಿ ಬಲ ಅಳೆಯುವ ಸಂವೇದಕವಿದೆ. ಬೆರಳು ಏನಾದರೂ ಮುಟ್ಟಿದ ಕೂಡಲೇ ಆ ಬಲ ಕೇಬಲಿನಲ್ಲಿ ಹಡಗಿಗೆ ಬರುತ್ತದೆ. ಅಲ್ಲಿ ನಡೆಸುವವನ ಕೈಯಲ್ಲಿರುವ ಹಿಡಿಕೆಗೆ ಮೋಟಾರ್‌ಗಳಿವೆ. ಅವು ಅದೇ ಬಲದಿಂದ ಅವನ ಕೈಯನ್ನು ಹಿಂದಕ್ಕೆ ಒತ್ತುತ್ತವೆ. ಇಂಥ ಸಾಧನಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಸೆಕೆಂಡಿಗೆ ಸಾವಿರ ಸಲ ನಡೆಯುತ್ತದೆ. ಕಣ್ಣಿಗೆ ಸೆಕೆಂಡಿಗೆ 25-30 ಚಿತ್ರ ಸಾಕು, ಕೈಗೆ ಸಾಲದು. ತಡವಾದರೆ ಗಟ್ಟಿ ಕಲ್ಲು ಸ್ಪಂಜಿನಂತೆ ಅನಿಸುತ್ತದೆ, ಇಲ್ಲವೇ ಹಿಡಿಕೆಯೇ ಗಡಗಡ ನಡುಗತೊಡಗುತ್ತದೆ. ಕೇಬಲ್ ಬಿಟ್ಟು ಹೋಗಲಾಗದಿರುವುದೂ ಇದಕ್ಕೇ. ರೇಡಿಯೊ ಅಲೆ ಉಪ್ಪುನೀರಿನಲ್ಲಿ ದೂರ ಹೋಗದು. ಶಬ್ದ ಹೋಗುತ್ತದೆ, ಆದರೆ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ. 750 ಮೀಟರ್ ಆಳದಿಂದ ಸುದ್ದಿ ಬರಲು ಅರ್ಧ ಸೆಕೆಂಡು. ಅಷ್ಟರಲ್ಲಿ ಹವಳ ಮುರಿದಿರುತ್ತದೆ.

ಎರಡನೆಯದು ಮೈಯ ಹಿಡಿತ. ದೋಣಿಯಿಂದ ದಡಕ್ಕೆ ಹಾರಿದರೆ ದೋಣಿ ಹಿಂದಕ್ಕೆ ಸರಿಯುತ್ತದಲ್ಲ, ಹಾಗೆಯೇ ನೀರಿನಲ್ಲಿ ತೇಲುವ ರೋಬಾಟ್ ಕೈ ಮುಂದೆ ಚಾಚಿದರೆ ಮೈ ಹಿಂದೆ ಹೋಗುತ್ತದೆ. ಜೊತೆಗೆ ಸೆಳೆತ ಬೇರೆ. ಥ್ರಸ್ಟರ್‌ಗಳು ಮೈಯನ್ನು ಇದ್ದಲ್ಲಿ ನಿಲ್ಲಿಸಲು ನೋಡುತ್ತವೆ, ಆದರೆ ಅವು ನಿಧಾನ. ಹಾಗಾಗಿ ಮೈ ಎಷ್ಟು ಸರಿಯಿತೆಂದು ಅಳೆದು ತೋಳು ಅಷ್ಟನ್ನು ಸರಿದೂಗಿಸುತ್ತದೆ. ತಲೆಯ ಮೇಲೆ ಕೊಡ ಹೊತ್ತು ಗದ್ದೆಯಂಚಿನಲ್ಲಿ ನಡೆಯುವವರ ಸೊಂಟ ತೊನೆದರೂ ಕೊಡ ಅಲುಗದಂತೆ, ಮೈ ತೂಗಿದರೂ ಬೆರಳು ನಿಂತಲ್ಲೇ ನಿಲ್ಲುತ್ತದೆ.

ಮೂರನೆಯದು ಒತ್ತಡ. 100 ಮೀಟರಿನಲ್ಲಿ ಒಂದೊಂದು ಚದರ ಸೆಂಟಿಮೀಟರ್ ಮೇಲೂ ಸುಮಾರು 11 ಕೆ.ಜಿ. ಭಾರ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಕೈಯಲ್ಲೇ ಹಿಸುಕಬಹುದು, ಬಾಯಿವರೆಗೆ ನೀರು ತುಂಬಿ ಮುಚ್ಚಿದ ಬಾಟಲಿಯನ್ನು ಆಗದು. ಅದೇ ಉಪಾಯದಿಂದ ತೋಳಿನೊಳಗಿನ ಗಾಳಿ ತೆಗೆದು ಎಣ್ಣೆ ತುಂಬುತ್ತಾರೆ. ಸ್ಪ್ರಿಂಗ್ ಒಂದು ಎಣ್ಣೆಯನ್ನು ಹೊರಗಿನ ಒತ್ತಡಕ್ಕೆ ಸಮನಾಗಿ ಒತ್ತುತ್ತಿರುತ್ತದೆ. ಒಳಗಿನ ಒತ್ತಡ ತುಸು ಹೆಚ್ಚೇ ಇಟ್ಟರೆ ಸೀಲು ಸೋರಿದರೂ ಎಣ್ಣೆ ಹೊರಗೆ ಬರುತ್ತದೆ, ಉಪ್ಪುನೀರು ಒಳಗೆ ನುಗ್ಗದು.

2016ರಲ್ಲಿ ಓಷನ್‌ಒನ್‌ಗೆ ದೊಡ್ಡ ಪರೀಕ್ಷೆ ಆದದ್ದು ಹವಳದ ಮೇಲಲ್ಲ, ಫ್ರಾನ್ಸಿನ ದಕ್ಷಿಣ ತೀರದಾಚೆ ಸುಮಾರು 100 ಮೀಟರ್ ಆಳದಲ್ಲಿ ಬಿದ್ದಿರುವ ಹಡಗಿನಲ್ಲಿ. 14ನೇ ಲೂಯಿ ದೊರೆಯ ನೌಕಾಪಡೆಯ ಲಾ ಲೂನ್ ಎಂಬ ಆ ಹಡಗು ಮುಳುಗಿದ್ದು 1664ರಲ್ಲಿ. ಅಲ್ಲಿ ಚಕ್ಕೋತದ ಗಾತ್ರದ ಒಂದು ಹೂಜಿ ಸಿಕ್ಕಿತು. ರೋಬಾಟ್ ಅದರ ಮೇಲೆ ತೇಲಿ ನಿಂತು, ಮೈ ಸವರಿ, ತೂಕ ನೋಡಿ, ಒಂದು ಬೆರಳನ್ನು ಬಾಯೊಳಗೆ ತೂರಿಸಿ ಹಿಡಿದೆತ್ತಿತು. ಬುಟ್ಟಿಯವರೆಗೆ ಈಜಿ ಒಳಗಿಟ್ಟು ಮುಚ್ಚಳ ಹಾಕಿತು. ಖತೀಬ್ ಹಡಗಿನಲ್ಲಿ ಕೂತು ಆ ಭಾರವನ್ನು ತಮ್ಮ ಕೈಯಲ್ಲಿ ತೂಗಿದರು. ಇನ್ನೊಮ್ಮೆ ಅದು ಎರಡು ಫಿರಂಗಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಥ್ರಸ್ಟರ್ ಹಿಂದಕ್ಕೆ ಓಡಿಸಿದರೂ ಬಿಡಿಸಿಕೊಳ್ಳಲಿಲ್ಲ. ಕೊನೆಗೆ ದಂಡ ಹೊಡೆಯುವವರಂತೆ ಎರಡೂ ಕೈ ಊರಿ ಮೈಯನ್ನು ತಳ್ಳಿಸಿ ಹೊರಗೆ ತಂದರು. ಕೈಗಳಿಂದ ಇಂಥ ಉಪಯೋಗವೂ ಉಂಟು.

ಮುಂದಿನ ರೂಪ ಓಷನ್‌ಒನ್‌ಕೆ, 1,000 ಮೀಟರ್ ಆಳಕ್ಕೆಂದು ತಯಾರಾದದ್ದು. ಅಲ್ಲಿ ಒತ್ತಡ ನೂರು ಪಟ್ಟಿಗೂ ಹೆಚ್ಚು. ತೇಲಿಸಲು ಮಾಮೂಲಿ ಥರ್ಮಾಕೋಲ್ ಹಾಕಿದರೆ ಅದು ಕುಗ್ಗಿ ಚಪ್ಪಟೆಯಾಗುತ್ತದೆ. ಅದಕ್ಕೆ ಪುಡಿಯಷ್ಟು ಸಣ್ಣ, ಟೊಳ್ಳಾದ ಗಾಜಿನ ಗುಂಡುಗಳನ್ನು ಸೇರಿಸಿ ಎರಕ ಹೊಯ್ದ ಫೋಮ್‌ನಿಂದ ಮೈ ಮಾಡಿದ್ದಾರೆ. 2022ರಲ್ಲಿ ಅದು ಫ್ರಾನ್ಸಿನ ಕಡಲಲ್ಲಿ 852 ಮೀಟರ್ ಇಳಿಯಿತು.

ಎಲ್ಲಿ ಕೆಡುತ್ತದೆ, ಯಾಕೆ

ಮೊದಲ ಶತ್ರು ಕೆಸರು. ತಳಕ್ಕೆ ಹತ್ತಿರವಾದಾಗ ಥ್ರಸ್ಟರ್ ಕೆಳಮುಖವಾಗಿ ನೀರು ತಳ್ಳಿದರೆ ಹೂಳೆದ್ದು ಕ್ಯಾಮೆರಾ ಕುರುಡಾಗುತ್ತದೆ, ಪಾಲಿಪ್‌ಗಳ ಮೇಲೂ ಅದೇ ಹೂಳು ಕೂರುತ್ತದೆ. ಆದ್ದರಿಂದ ಯಂತ್ರವನ್ನು ತುಸು ತೇಲುವಂತೆ ತೂಗಿಸಿ ಇಡುತ್ತಾರೆ. ಆಗ ಕೆಳಗೇ ನಿಲ್ಲಲು ನೀರನ್ನು ಮೇಲ್ಮುಖವಾಗಿ ತಳ್ಳಿದರೆ ಸಾಕು.

ಕೇಬಲ್ ಎರಡನೆಯ ತಲೆನೋವು. ಕೊಂಬೆ ಹವಳಕ್ಕೆ ಸುತ್ತಿಕೊಂಡರೆ ಯಂತ್ರವೂ ಸಿಕ್ಕಿಬೀಳುತ್ತದೆ, ಎಳೆದರೆ ಹವಳವೂ ಮುರಿಯುತ್ತದೆ.

ಹೊರಗಿನವರಿಗೆ ಕಾಣದ, ಕಟ್ಟುವವರನ್ನು ಕಾಡುವ ತೊಂದರೆ ಸೀಲುಗಳದು. ತಿರುಗುವ ಕೀಲಿನ ಸುತ್ತ ನೀರು ಬಾರದಂತೆ ರಬ್ಬರ್ ಉಂಗುರ ಇರುತ್ತದೆ. ಅದು ಬಿಗಿ ಹಿಡಿದಷ್ಟೂ ಉಜ್ಜಾಟ ಹೆಚ್ಚು. ಮೋಟಾರ್ ಎಷ್ಟು ಕರೆಂಟ್ ಎಳೆಯಿತೆಂದು ನೋಡಿ ಬೆರಳಿನ ಬಲ ಊಹಿಸಹೊರಟರೆ ಉಜ್ಜಾಟದ ಬಲವೇ ಲೆಕ್ಕ ಕೆಡಿಸುತ್ತದೆ. ಬಲದ ಸಂವೇದಕವನ್ನು ತೋಳಿನ ಕೀಲುಗಳನ್ನೆಲ್ಲ ದಾಟಿ ಮಣಿಕಟ್ಟಿನಲ್ಲಿ ಇಡುವುದು ಅದಕ್ಕೇ.

ಬಣ್ಣವೂ ಮೋಸ ಮಾಡುತ್ತದೆ. ಕೆಂಪು ಬೆಳಕು ಮೊದಲ ಹತ್ತು ಮೀಟರಿನಲ್ಲೇ ಬಹುಪಾಲು ಕರಗಿ ಎಲ್ಲ ನೀಲಿಯಾಗಿ ಕಾಣುತ್ತದೆ. ತಿಳಿಕಂದು ಹವಳವೋ ಬಿಳಿಚಿದ್ದೋ ಹೇಳಲಾಗದು. ಜೊತೆಗೆ ದೀಪ ಇರಬೇಕು, ಚೌಕಟ್ಟಿನೊಳಗೆ ಹೋಲಿಸಲು ಬಣ್ಣದ ಪಟ್ಟಿಯೂ ಇರಬೇಕು.

ಇಷ್ಟೆಲ್ಲ ಸರಿ ಹೋದರೂ ರೋಬಾಟ್ ಬಿಸಿ ನೀರನ್ನು ತಣ್ಣಗೆ ಮಾಡದು. ಯಾವ ಹವಳ ಬಿಸಿ ತಾಳಿತು, ಎಷ್ಟು ಆಳದಲ್ಲಿ, ಯಾಕೆ ಎಂದು ತಿಳಿಯಲು ಬೇಕಾದ ತುಣುಕನ್ನೂ ಅಂಕಿಯನ್ನೂ ಅದು ಹವಳ ಹಾಳಾಗದಂತೆ ಮೇಲೆ ತಂದುಕೊಡುತ್ತದೆ.

ನಮ್ಮ ಹತ್ತಿರದ ದಿಬ್ಬಗಳು

ಭಾರತದ ದೊಡ್ಡ ಹವಳದ ದಿಬ್ಬಗಳು ಅಂಡಮಾನ್ ನಿಕೋಬಾರ್, ಲಕ್ಷದ್ವೀಪ, ಮನ್ನಾರ್ ಖಾರಿ, ಪಾಕ್ ಕೊಲ್ಲಿ, ಕಛ್ ಖಾರಿಗಳಲ್ಲಿವೆ. ಲಕ್ಷದ್ವೀಪ ಕನ್ನಡ ಕರಾವಳಿಗೆ ಹೊಸದಲ್ಲ. ಅಮೀನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿಗೆ ಸಾಮಾನು ಹೊತ್ತ ಮಂಜಿ ಎಂಬ ಮರದ ಹಡಗುಗಳು ಮಂಗಳೂರಿನ ಹಳೆ ಬಂದರಿನಿಂದಲೇ ಹೊರಡುತ್ತ ಬಂದಿವೆ. ಆ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಬಿಳಿಚಿದವು. ಎರಡು ಬಿಳಿಚುವಿಕೆಗಳ ನಡುವೆ ಅವಕ್ಕೆ ಸಿಕ್ಕ ಬಿಡುವು 12 ವರ್ಷ, 6 ವರ್ಷ, 8 ವರ್ಷ.

ಆಳಕ್ಕಿಳಿಯುವ ಯಂತ್ರಗಳ ಕೆಲಸ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತಿದೆ. ಅದರ ರೋಸಬ್ 6000 ಎಂಬ ವಾಹನ 2010ರಲ್ಲಿ 5,289 ಮೀಟರ್ ಇಳಿದಿತ್ತು. ಧ್ರುವಪ್ರದೇಶಕ್ಕೆಂದು ಮಾಡಿದ ಪ್ರೂವ್ ಎಂಬ ಚಿಕ್ಕ ವಾಹನವನ್ನು ಅಂಡಮಾನಿನ ಹವಳದ ದಿಬ್ಬಗಳಲ್ಲೂ ಬಳಸಿದ್ದಾರೆ. ಇವು ಮನುಷ್ಯಾಕಾರದವಲ್ಲ.

ನಮ್ಮದೇ ಎನ್ನಬಹುದಾದ ಹವಳ ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ ಇದೆ. ಅಲ್ಲಿ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಮಾಡಬೇಕಾದ್ದೂ ಓಷನ್‌ಒನ್ ಮಾಡುವುದನ್ನೇ: ಮುಳುಗದೆ, ಏರದೆ ಇದ್ದಲ್ಲೇ ತೇಲುವುದು. ಸೊಂಟಕ್ಕೆ ಕಟ್ಟುವ ಸೀಸದ ತೂಕ ಹೆಚ್ಚಾದರೆ ಕಾಲು ಕೆಳಗೆ ಜಗ್ಗುತ್ತದೆ, ಈಜಲು ಪಾದಕ್ಕೆ ಹಾಕಿಕೊಂಡ ಫಿನ್ ಬಂಡೆಗೆ ಬಡಿಯುತ್ತದೆ. ಮೊದಲ ಸಲ ಇಳಿಯುವವರು ತೂಕ ಸರಿಯಿದೆಯೇ ಎಂದು ಮೇಲ್ಮೈಯಲ್ಲೇ ಪರೀಕ್ಷಿಸಲು ಮಾರ್ಗದರ್ಶಕರನ್ನು ಕೇಳಿಕೊಳ್ಳಬೇಕು. ಉಸಿರು ಅರ್ಧ ಹಿಡಿದು ನಿಂತಾಗ ನೀರು ಕಣ್ಣಿನ ಮಟ್ಟಕ್ಕೆ ಬಂದರೆ ತೂಕ ಸರಿ. ಇದು ಮೇಲ್ಮೈಯ ಪರೀಕ್ಷೆಗೆ ಮಾತ್ರ, ನೀರಿನ ಕೆಳಗೆ ಉಸಿರು ಹಿಡಿಯಲೇಬಾರದು. ಗಟ್ಟಿ ಹವಳದ ತುಂಡನ್ನು ನೆನಪಿಗೆಂದು ಎತ್ತಿಕೊಂಡು ಬರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆಗೇ ಅದರ ಹೆಸರೂ ಇದೆ. ಫಿನ್ ತಾಗಿ ಗೇಣುದ್ದದ ಉಂಡೆ ಹವಳ ಕಿತ್ತುಬಂದರೆ, ವರ್ಷಕ್ಕೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ, ಅದು ಬೆಳೆಯಲು ತೆಗೆದುಕೊಂಡ ಕಾಲ ಸುಮಾರು 20 ವರ್ಷ.